ಅಜ್ಜನ ಪಕ್ಕದ ಜಾಗ

ಸುಣ್ಣ ಅರಳುವ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ತಿಳಿಯದು. ನನಗಂತೂ ಅದು ಮೂಗಿಗೆ ಬಡಿದ ಕೂಡಲೇ ಈಸ್ಟರ್ ಹತ್ತಿರ ಬಂತು ಅನಿಸುತ್ತದೆ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹಳೆಯ ಕಬ್ಬಿಣದ ಬಕೆಟ್ಟಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದೆ. ಕೊತಕೊತ ಕುದಿಯಿತು. ಶುಭ ಶುಕ್ರವಾರಕ್ಕೆ ಮುಂಚೆ ನಮ್ಮವರ ಗೋರಿಗಳಿಗೆ ಸುಣ್ಣ ಬಳಿಯುವುದು ಬೆಟಗೇರಿಯ ನಮ್ಮ ಮನೆಯ ರೂಢಿ. ಬ್ರಶ್ಶು ಹಿಡಿಯುವವಳು ನಾನೇ. ಗೋರಿಗಿಂತ ನನ್ನ ಸೀರೆಗೇ ಹೆಚ್ಚು ಸುಣ್ಣ ಹತ್ತುತ್ತದೆ ಎಂಬುದು ಮನೆಯವರ ದೂರು, ಅದರಲ್ಲಿ ಸುಳ್ಳೇನೂ ಇಲ್ಲ.

ನೋಡಿದವರು ಒಂದು ಮಾತು ಕೇಳುವುದುಂಟು. ನಿಮ್ಮ ಅಜ್ಜ ನಟ್ಟನಡುವೆ ಬೇವಿನ ಗಿಡದ ನೆರಳಲ್ಲಿದ್ದಾರೆ, ನಿಮ್ಮ ಅಜ್ಜಿ ಮಾತ್ರ ಅಷ್ಟು ದೂರ ಗೋಡೆಯ ಮೂಲೆಯಲ್ಲಿ ಯಾಕೆ? ಗಂಡ ಹೆಂಡಿರಿಗೆ ಸರಿ ಇರಲಿಲ್ಲವೇ? ಸರಿ ಇತ್ತು, ಬಹಳ ಸರಿ ಇತ್ತು. ಅದನ್ನೇ ನಿಮಗೆ ಹೇಳಬೇಕೆಂದಿದ್ದೇನೆ. ಹೇಳುವಾಗ ಸ್ವಲ್ಪ ಜಂಬ ಇಣುಕಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಂದೆಯ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೆಸರು ಕರುಣಮ್ಮ. ಅಜ್ಜ ಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ ಆಯಿ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಿದ್ದಳು. ಆಕೆಗೆ ಓದು ಅಷ್ಟಕ್ಕಷ್ಟೇ, ಆದರೆ ಗೀತೆಗಳೆಲ್ಲ ಬಾಯಿಪಾಠ. ಆರಾಧನೆಯಲ್ಲಿ ಹಾರ್ಮೋನಿಯಂಗಿಂತ ಅರ್ಧ ಸಾಲು ಮುಂದೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಹಾರ್ಮೋನಿಯಂ ಬಾರಿಸುವವರು ಕೊನೆಗೆ ಆಕೆಯ ಹಿಂದೆ ಓಡುವುದನ್ನೇ ಕಲಿತರು.

ಅಜ್ಜ ತೀರಿಕೊಂಡಾಗ ನಮ್ಮ ಚರ್ಚಿನ ಸಭೆಯ ಹಿರಿಯರು ಸ್ಮಶಾನದಲ್ಲಿ ಅವರ ಪಕ್ಕದ ಜಾಗವನ್ನು ಆಯಿಯ ಹೆಸರಿಗೆ ಬರೆದುಕೊಟ್ಟಿದ್ದರು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಆಯಿ ಆ ಖಾಲಿ ಜಾಗದಲ್ಲಿ ಕಾಲು ಚಾಚಿ ಕೂತು ಅಜ್ಜನಿಗೆ ವಾರದ ಖಬರು ಹೇಳುತ್ತಿದ್ದಳು. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಮಗ್ಗ ನಿಂತಿತು, ಈ ಸಲ ಉಪ್ಪಿನಕಾಯಿ ಹೇಗಾಯಿತು, ಎಲ್ಲವೂ. ಮಧ್ಯೆ ನೆಲ ತಟ್ಟಿ ನನಗೆ ಹೇಳುವಳು, "ಇದು ನಂದು ನೋಡವಾ. ನಾ ಹೋಗೂ ಹೊತ್ತಿಗೆ ಬೇವಿನ ನೆಳ್ಳು ಇಲ್ಲಿತನಾ ಬರತೈತಿ."

ಇನ್ನೊಂದು ರೂಢಿಯೂ ಇತ್ತು. ದಿನವೂ ಹತ್ತು ಗಂಟೆಗೆ ರೊಟ್ಟಿ, ಗಂಜಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುವಳು. ನರ್ಸಮ್ಮನಿಗೆ ಆಕೆಯದು ಒಂದೇ ಪ್ರಶ್ನೆ. "ಇವತ್ತ ಯಾರಿಗಿ ಯಾರೂ ಬಂದಿಲ್ರಿ?" ಯಾರಿಗೆ ಯಾರೂ ಬಂದಿಲ್ಲವೋ ಅವರ ಮಂಚದ ಬಳಿ ಹೋಗಿ ಡಬ್ಬಿ ಬಿಚ್ಚುವಳು.

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನನಗೂ ಆಗಷ್ಟೇ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಕಾಗದದ ತಲೆಯ ಮೇಲೆ ಅಚ್ಚಾಗಿದ್ದ ಧಾರವಾಡಕ್ಕೆ ಗೀಟು ಎಳೆದು ಕೆಳಗೆ ಗದಗ ಎಂದು ಹೊಡೆಯುವುದೇ ನನ್ನ ದೊಡ್ಡ ಕೆಲಸ. ಜಿಲ್ಲೆಯನ್ನು ನಾನೇ ಹುಟ್ಟಿಸಿದವಳಂತೆ ಬೀಗುತ್ತಿದ್ದೆ. ಆ ವರ್ಷವೇ ಆಸ್ಪತ್ರೆಯಲ್ಲಿ ಆಯಿಗೆ ರೂತಮ್ಮ ಸಿಕ್ಕಳು.

ರೂತಮ್ಮ ನಮ್ಮ ಸಭೆಯಲ್ಲೇ ಹುಟ್ಟಿ ಬೆಳೆದವಳು. ಹರೆಯದಲ್ಲಿ ಸಿಂಗಟಾಲೂರಿನ ಒಬ್ಬ ರೈತನನ್ನು ಮೆಚ್ಚಿ ಮದುವೆಯಾದಳು. ಆತ ಹಿಂದೂ. ಸಭೆಯವರು ಸದಸ್ಯರ ಪುಸ್ತಕದಿಂದ ಅವಳ ಹೆಸರು ಹೊಡೆದುಹಾಕಿದರು. ಅತ್ತ ಗಂಡನ ಮನೆಯವರೂ ಅವಳನ್ನು ಹೊರಗಿನವಳಂತೆಯೇ ಕಂಡರು. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಕಾಯಿಲೆ ಹತ್ತಿ ಒಬ್ಬಳೇ ಬೆಟಗೇರಿಯ ಆಸ್ಪತ್ರೆಗೆ ಬಂದು ಮಲಗಿದ್ದಳು. ಮೂರು ವಾರ ಆಯಿ ಅವಳಿಗೆ ಗಂಜಿ ಕುಡಿಸಿದಳು, ಪಕ್ಕದಲ್ಲಿ ಕೂತು ಹಾಡಿದಳು. "ನಮ್ಮವ್ವ ನಮ್ಮಪ್ಪ ಇರೂ ಕಡೆ ನನ್ನ ಮಣ್ಣ ಆಗಲಿ" ಎಂದು ರೂತಮ್ಮ ಒಂದೇ ಮಾತು ಕೇಳಿಕೊಂಡಿದ್ದಳಂತೆ. ಒಂದು ಗುರುವಾರ ಮಧ್ಯಾಹ್ನ ಆಕೆ ತೀರಿಕೊಂಡಳು.

ಸಿಂಗಟಾಲೂರಿಗೆ ಸುದ್ದಿ ಹೋಯಿತು. "ಆಕಿ ನಿಮ್ಮಾಕಿ, ನೀವ ನೋಡಕೋರಿ" ಎಂದು ಗಂಡನ ಅಣ್ಣ ಹೇಳಿ ಕಳಿಸಿದ. ಇತ್ತ ನಮ್ಮ ಹಿರಿಯರು ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿದರು. ಆಯಿ ನನ್ನನ್ನೂ ಕರೆದುಕೊಂಡು ಹೋದಳು. ಸಭೆಯ ಕಾರ್ಯದರ್ಶಿ ಪುಸ್ತಕ ಬಿಚ್ಚಿ ತೋರಿಸಿದರು.

"ನೋಡ್ರಿ ಕರುಣಮ್ಮಾರ, ಹೆಸರ ಹೊಡದ ಹಾಕ್ಯಾರ. ಹೆಂಗ ಮಣ್ಣ ಮಾಡೂದು?"

"ಪುಸ್ತಕದಾಗ ಇಲ್ಲಂತ ಹೆಣಾ ಬೀದ್ಯಾಗ ಇಡಾಕ ಬರತೈತೇನ್ರಿ?"

ಅವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, "ಹಂಗಾರ ಆ ಗ್ವಾಡಿ ಮೂಲ್ಯಾಗ ಜಾಲಿಗಿಡದ ಬಾಜೂಕ ಆಗಲಿ. ಯಾರೂ ಏನೂ ಅನ್ನೂದಿಲ್ಲ."

ಅಲ್ಲಿಗೆ ಮುಗಿಯಿತು ಎಂದು ನಾನು ಎದ್ದೆ. ಆಯಿ ಏಳಲಿಲ್ಲ.

"ಮೂಲಿ ಬ್ಯಾಡ್ರಿ. ಮೂವತ್ತ ವರ್ಸ ಆಕಿ ಮೂಲ್ಯಾಗ ಇದ್ದಾಳ. ಬೇವಿನ ಗಿಡದ ಕೆಳಗ ನಮ್ಮ ಯಜಮಾನ್ರ ಬಾಜೂಕ ನಂದೊಂದು ಜಾಗಾ ಐತಿ. ಅಲ್ಲೇ ಹಿಂದಿನ ಸಾಲಿನ್ಯಾಗ ಆಕಿ ಅವ್ವ ಅಪ್ಪ ಅದಾರ. ಆ ಜಾಗಾ ಆಕಿಗೆ ಕೊಡ್ರಿ. ಮೂಲಿ ನನಗಿರಲಿ."

ಕಾರ್ಯದರ್ಶಿ ಕನ್ನಡಕ ತೆಗೆದು ಮೆಲ್ಲಗೆ ಅಂದರು, "ಅದು ನಿಮ್ಮ ಜಾಗಾ ಅಲ್ಲೇನ್ರಿ ಅಮ್ಮಾರ? ಯೋಚನಿ ಮಾಡ್ರಿ."

"ಯೇಸುಸ್ವಾಮಿಗೂ ಸ್ವಂತ ಗೋರಿ ಇರಲಿಲ್ಲ, ಮಂದಿ ಕೊಟ್ಟ ಗೋರ್ಯಾಗ ಮಲಗಿದ್ದ. ನಾ ಏನ್ ಆತಗಿಂತ ದೊಡ್ಡಾಕಿ ಏನ್ರಿ?"

ಬಿಟ್ಟುಕೊಡುವ ಅರ್ಜಿಯನ್ನು ಬರೆದವಳು ನಾನೇ. ಸಿಟ್ಟಿಗೆ ಪೆನ್ನನ್ನು ಕಾಗದ ತೂತಾಗುವಷ್ಟು ಒತ್ತಿ ಬರೆದೆ. ದಾರಿಯಲ್ಲಿ ಆಯಿಯ ಮೇಲೆ ಹರಿಹಾಯ್ದೆ. "ಅಜ್ಜನ ಬಾಜೂಕ ಬ್ಯಾರೆ ಹೆಂಗಸಿನ್ನ ಮಲಗಸ್ತಿ? ಮಂದಿ ಏನಂದಾರು?" ಆಯಿ ನಕ್ಕಳು. "ನಿಮ್ಮ ಅಜ್ಜಗ ಕಿವಿ ಮಂದ ಇತ್ತವಾ. ಬಾಜೂಕ ಯಾರ ಬಂದ್ರೂ ಗೊತ್ತಾಗೂದಿಲ್ಲ ತಗೋ."

ಆಕೆಗೆ ನೋವಾಗಲಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ರೂಢಿಯಂತೆ ಅದೇ ಜಾಗಕ್ಕೆ ಕೂರಲು ಹೋದವಳು ಹಸಿ ಮಣ್ಣಿನ ಗುಪ್ಪೆ ಕಂಡು ಹಾಗೇ ನಿಂತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರ ಕಾಲ ಕಡೆಗೆ ಕೂತು ಆ ವಾರದ ಖಬರನ್ನು ಇಬ್ಬರಿಗೂ ಹೇಳಿದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ತಿಂಗಳು ಕಳೆದ ಮೇಲೆ ಗಂಗವ್ವ ಎಂಬ ಹೆಂಗಸು ಮುಂಡರಗಿ ಬಸ್ಸು ಇಳಿದು ನಮ್ಮ ಮನೆ ಹುಡುಕಿಕೊಂಡು ಬಂದಳು. ರೂತಮ್ಮನ ಮೈದುನನ ಮಗಳು, ಚಿಕ್ಕಂದಿನಲ್ಲಿ ರೂತಮ್ಮನ ಮಡಿಲಲ್ಲೇ ಬೆಳೆದವಳು. ಸಾವಿನ ಸುದ್ದಿಯನ್ನು ಮನೆಯಲ್ಲಿ ಅವಳಿಗೆ ಹೇಳಿಯೇ ಇರಲಿಲ್ಲ. ಗೋರಿ ಕಂಡು ಬಿದ್ದು ಅತ್ತಳು, ಮಲ್ಲಿಗೆ ದಂಡೆ ಏರಿಸಿದಳು, ಕೊನೆಗೆ ಊದಿನಕಡ್ಡಿ ತೆಗೆದಳು. ನಮ್ಮಲ್ಲಿ ಆ ಪದ್ಧತಿ ಇಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ನನ್ನ ತೊಡೆ ಚಿವುಟಿದಳು. "ಹಚ್ಚಲಿ ಬಿಡ. ವಾಸನಿ ಚೊಲೊ ಐತಿ." ಅಂದಿನಿಂದ ಗಂಗವ್ವ ವರ್ಷಕ್ಕೊಮ್ಮೆ ಬರತೊಡಗಿದಳು. ರೂತಮ್ಮನನ್ನು ಕರೆಯುತ್ತಿದ್ದಂತೆ ಆಯಿಯನ್ನೂ ದೊಡ್ಡವ್ವ ಎಂದೇ ಕರೆದಳು.

ಕೆಲವು ವರ್ಷಗಳ ಮೇಲೆ ಆಯಿಯೂ ಹೋದಳು. ಮೂಲೆಯ ನೆಲ ಬರೀ ಕಲ್ಲು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಅಗೆಯುವವರು ದಣಿದಾಗ ಆ ಕಾರ್ಯದರ್ಶಿಯೇ ಕೋಟು ಬಿಚ್ಚಿಟ್ಟು ಕುಣಿಗೆ ಇಳಿದರು. ಸಿಂಗಟಾಲೂರಿನಿಂದ ಗಂಗವ್ವನ ಜೊತೆ ಅವಳ ದೊಡ್ಡಪ್ಪನೂ ಬಂದಿದ್ದ, ಅಂದು ನೀವೇ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದ ರೂತಮ್ಮನ ಗಂಡನ ಅಣ್ಣನೇ. ಗೇಟಿನ ಹೊರಗೆ ತಲೆಯ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಗಂಗವ್ವ ಕೈ ಹಿಡಿದು ಒಳಗೆ ಕರೆತಂದಳು. ಅವನೂ ಒಂದು ಹಿಡಿ ಮಣ್ಣು ಹಾಕಿದ.

ಆಮೇಲೆ ಸಭೆಯವರು ಜಾಲಿ ಕಡಿಸಿ ಮೂಲೆಯನ್ನು ಹಸನು ಮಾಡಿದರು. ಹೆಸರು ಪುಸ್ತಕದಲ್ಲಿದೆಯೋ ಇಲ್ಲವೋ ಎಂದು ಯಾರನ್ನೂ ತಿರುಗಿ ಕಳಿಸಲಿಲ್ಲ. ದಿಕ್ಕಿಲ್ಲದವರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದರು. ಕಾರ್ಯದರ್ಶಿ ತೀರಿಕೊಳ್ಳುವ ಮುಂಚೆ ಮಗನಿಗೆ ಹೇಳಿದ್ದರಂತೆ, "ನನ್ನನ್ನ ಕರುಣಮ್ಮಾರ ಸಾಲಿಗೆ ಹಾಕ್ರಿ." ಈಗ ಅಲ್ಲಿ ಹನ್ನೊಂದು ಗೋರಿಗಳಿವೆ.

ಇವತ್ತು ಆಯಿಯ ಗೋರಿಗೆ ಎರಡನೇ ಕೈ ಸುಣ್ಣ ಬಳಿಯುತ್ತಿದ್ದೆ. ಲಕ್ಷ್ಮೇಶ್ವರದಿಂದ ಮೊನ್ನೆಯಷ್ಟೇ ವರ್ಗವಾಗಿ ಬಂದ ಹೊಸ ಪಾದ್ರಿ ಅಯ್ಯನವರು ಕುಣಿ ತೋಡುವ ಇಬ್ಬರನ್ನು ಕರೆದುಕೊಂಡು ಗೇಟಿನಲ್ಲಿ ನಿಂತರು. ಯಾರೋ ಒಬ್ಬಂಟಿ ಹೆಂಗಸು ತೀರಿಕೊಂಡಿದ್ದಳು, ಸಂಜೆಗೆ ಮಣ್ಣು.

"ಅಕ್ಕಾರ, ಕರುಣಮ್ಮನ ಸಾಲು ಅಂತಾರಲ್ಲ, ಅದು ಯಾವುದ್ರಿ?"

ಆಯಿಯನ್ನು ಮೂಲೆಗೆ ಹಾಕಿದೆವಲ್ಲ ಎಂದು ಬಹಳ ದಿನ ಒಳಗೊಳಗೇ ನೊಂದವಳು ನಾನು. ಬ್ರಶ್ಶು ಕೆಳಗಿಟ್ಟು ಎದ್ದು ನಿಂತೆ.

"ಇದ ನೋಡ್ರಿ" ಎಂದೆ. "ನಾ ಆಕಿ ಮೊಮ್ಮಗಳು. ಬರ್ರಿ, ಜಾಗಾ ತೋರಸ್ತೀನಿ."