ಹೆಣ್ಣುಮಗುವಿಗೆ ವೈಮಂಡ್ ಎಂದು ಹೆಸರಿಟ್ಟವಳು

ಥಾರ್ಲಿ ಹಳ್ಳಿಯ ಸೂಲಗಿತ್ತಿ ಅವಿಸ್ ಹೆರಿಗೆ ಮನೆಗೆ ಕಾಲಿಟ್ಟಳೆಂದರೆ ಮೊದಲು ಗಂಡಸರನ್ನು ಹೊರಗೆ ಅಟ್ಟುತ್ತಿದ್ದಳು. ಆಮೇಲೆ ಬಸುರಿಯ ಜಡೆ, ಸೊಂಟದ ಪಟ್ಟಿ, ಹಿಟ್ಟಿನ ಚೀಲದ ಬಾಯಿ, ಎಲ್ಲ ಗಂಟುಗಳನ್ನೂ ಬಿಚ್ಚಿಸುತ್ತಿದ್ದಳು. ಮನೆಯೇ ಬಿಗಿದುಕೊಂಡು ಕೂತರೆ ಮಗು ಹೊರಗೆ ಹೇಗೆ ಬಂದೀತು? ಮಹಾಮಾರಿ ಬಂದ ಬೇಸಿಗೆಯಲ್ಲಿ ಅವಳ ಗಂಡನೂ ಹೋದ, ಊರಿನ ಹಳೆಯ ಸೂಲಗಿತ್ತಿಯೂ ಹೋದಳು. ಆಗಿನಿಂದ ಈ ಕೆಲಸ ಅವಳ ಪಾಲಿಗೆ ಬಂದಿತ್ತು.

ಪಾದ್ರಿ ಫುಲ್ಕ್ ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಮಗು ಉಳಿಯುವುದಿಲ್ಲ ಅನ್ನಿಸಿದರೆ ತನ್ನನ್ನು ಕಾಯಬಾರದು. ತಲೆಯ ಮೇಲೆ ನೀರು ಹಾಕಿ, ಹೆಸರು ಹಿಡಿದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಟ್ಟುಬಿಡಬೇಕು. ಲ್ಯಾಟಿನ್ ಬೇಡ, ಮನೆಮಾತೇ ಸಾಕು, ಆದರೆ ಮಾತು ತಪ್ಪಬಾರದು. ದೀಕ್ಷೆಯಾಗದ ಕೂಸಿಗೆ ಚರ್ಚಿನ ಅಂಗಳದಲ್ಲಿ ಮಣ್ಣೂ ಇಲ್ಲ, ಸ್ವರ್ಗದಲ್ಲಿ ಜಾಗವೂ ಇಲ್ಲ. ಅವಿಸ್ ಹಾಗೆ ನೀರು ಹಾಕಿದ ಕೆಲವು ಕೂಸುಗಳು ಅಂಗಳದ ಮೂಲೆಯ ಯೂ ಮರದಡಿ ಮಲಗಿದ್ದವು.

ಕಮ್ಮಾರ ಒಸ್ಬರ್ಟನ ಹೆಂಡತಿ ಮೆರಿಯಲ್‌ಗೆ ಚೊಚ್ಚಲು. ಮಗುವಿನ ತಲೆ ಹೊರಬಂತು, ಭುಜ ಸಿಕ್ಕಿಕೊಂಡಿತು. ಪುಟ್ಟ ಮುಖ ನೀಲಿಗಟ್ಟತೊಡಗಿತು.

"ಹೆಸರೇನಿಡ್ತೀಯೇ? ಬೇಗ ಹೇಳು!" ಎಂದಳು ಅವಿಸ್.

"ವೈಮಂಡ್... ನಮ್ಮ ಮಾವನ ಹೆಸರು..." ಎಂದು ಮೆರಿಯಲ್ ನರಳಿದಳು. ಗಂಡೇ ಆಗುವುದೆಂದು ಮನೆಮಂದಿಯೆಲ್ಲ ನಂಬಿಕೊಂಡಿದ್ದರು.

ಅವಿಸ್ ನೀರು ಸುರಿದು, ಹೇಳಬೇಕಾದ್ದನ್ನೆಲ್ಲ ಹೇಳಿ, ಕೈ ಒಳಹಾಕಿ ಭುಜ ತಿರುಗಿಸಿದಳು. ಮಗು ಜಾರಿ ಅವಳ ಮಡಿಲಿಗೆ ಬಿತ್ತು, ಕೆಮ್ಮಿತು, ಮನೆಯ ಹುಲ್ಲುಮಾಡು ಹಾರುವಂತೆ ಕಿರುಚಿತು. ನೋಡಿದರೆ ಹೆಣ್ಣು!

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅವಿಸಕ್ಕಾ, ನಮ್ಮ ಹಸು ಈದಾಗ ಕರೀತೀನಿ ಬಾ. ಕರು ಹೆಣ್ಣಾದ್ರೆ ಹ್ಯಾಮೊ ಅಂತ ಗಂಡು ಹೆಸ್ರೇ ಇಟ್ಬಿಡು!" ಎಂದು ಏಲ್ ಮದ್ಯ ಕಾಸುವ ಹೆಂಗಸು ಬೀದಿಯಲ್ಲೇ ಕೂಗಿದಳು. ಮೆರಿಯಲ್ ಮಾತ್ರ ನಗಲಿಲ್ಲ. ದೀಕ್ಷೆ ಬಾಳಿಗೆ ಒಂದೇ ಸಲ. ಕೊಟ್ಟ ಹೆಸರು ಕೊಟ್ಟದ್ದೇ.

ಸಂಜೆ ಮಗುವಿಗೆ ಮೊಲೆಯೂಡಿಸುತ್ತಾ ಅವಳು ಪಿಸುಗುಟ್ಟಿದಳು: "ಅಕ್ಕಾ, ಗಾಬರೀಲಿ ಒಂದು ಮಾತು ಮರ್ತೋಯ್ತು ಅಂದ್ಬಿಡು. ದೀಕ್ಷೆ ಆಗ್ಲೇ ಇಲ್ಲ ಅಂತಾಗುತ್ತೆ, ಪಾದ್ರಿಗಳೇ ನೀರು ಹಾಕ್ತಾರೆ. ಸಿಸಿಲಿ ಅಂತ ಕರ್ಕೋತೀನಿ."

"ನಾನು ಮರ್ತಿಲ್ವಲ್ಲೇ."

"ಮರ್ತೆ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಅವಿಸ್ ಒದ್ದೆ ಬಟ್ಟೆಗಳನ್ನು ಮಡಚತೊಡಗಿದಳು. ಅವಳ ಕಣ್ಣ ಮುಂದೆ ಯೂ ಮರ ನಿಂತಿತ್ತು. ಇವಳು ಒಮ್ಮೆ ಮರೆತಳೆಂದರೆ, ನನ್ನ ಕೂಸಿಗೂ ಮರೆತಿದ್ದಳೇನೋ ಎಂದು ಅಲ್ಲಿ ಮಲಗಿದ ಕೂಸುಗಳ ತಾಯಂದಿರಿಗೆ ಅನ್ನಿಸದೆ ಇದ್ದೀತೇ? ಇದನ್ನು ಮೆರಿಯಲ್‌ಗೆ ಬಿಡಿಸಿ ಹೇಳಲೂ ಅವಳಿಗೆ ಅಂಜಿಕೆ. ಅಂಥ ಸಂಶಯ ಬಾಯಿಗೆ ಬಂದರೂ ಸಾಕು, ಊರೆಲ್ಲ ಹಬ್ಬುತ್ತದೆ.

ಮರುದಿನ ಪಾದ್ರಿ ಕೇಳಿದಾಗ, "ಎಲ್ಲಾ ಹೇಳ್ದೆ ಸ್ವಾಮಿ. ಒಂದಕ್ಷರ ಬಿಟ್ಟಿಲ್ಲ" ಎಂದಳು.

ಬಾಣಂತನ ಮುಗಿಸಿ ಮೇಣದಬತ್ತಿ ಹಿಡಿದು ಚರ್ಚಿಗೆ ಹೋಗುವ ದಿನ ಸೂಲಗಿತ್ತಿ ಬಾಣಂತಿಯ ಪಕ್ಕ ನಡೆಯುವುದು ವಾಡಿಕೆ. ಮೆರಿಯಲ್ ಅತ್ತೆಯ ಜೊತೆ ಹೋದಳು. ಬಾವಿಕಟ್ಟೆಯಲ್ಲಿ ಅವಿಸ್ ಕಂಡರೆ ಕೊಡ ಎತ್ತಿಕೊಂಡು ಬೆನ್ನು ತಿರುಗಿಸುತ್ತಿದ್ದಳು. ಅವಿಸ್‌ಗೆ ನೋವಾಗುತ್ತಿರಲಿಲ್ಲವೆಂದಲ್ಲ. ಆದರೆ ಬಾತುಗಳ ಹಿಂದೆ ಓಡುವ ಪುಟ್ಟ ವೈಮಂಡಳನ್ನು ಬೇಲಿಯಾಚೆಯಿಂದ ನೋಡಿ, ಭುಜ ಸರಿಯಾಗಿಯೇ ಇದೆ ಅಂದುಕೊಂಡು ಮನೆಗೆ ಬರುತ್ತಿದ್ದಳು.

ಮೆರಿಯಲ್ ಮತ್ತೆ ಬಸುರಾದಳು. ಪಕ್ಕದೂರಿನ ಸೂಲಗಿತ್ತಿಗೆ ಹೇಳಿಟ್ಟಿದ್ದಳು. ಆದರೆ ದಿನ ತುಂಬುವ ಮೊದಲೇ ನೋವು ಬಂತು, ಅದೇ ವಾರ ಹೊಳೆ ಉಕ್ಕಿ ಸೇತುವೆ ಕೊಚ್ಚಿಹೋಗಿತ್ತು. ಒಸ್ಬರ್ಟ್ ಬಂದು ಟೋಪಿ ಕಳಚಿ ಬಾಗಿಲಲ್ಲಿ ನಿಂತ. ಅವನು ಬಾಯಿ ತೆರೆಯುವ ಮೊದಲೇ ಅವಿಸ್ ಹೊರಟಳು.

ಗಂಡುಮಗು. ಅಂಗೈಯಗಲವೂ ಇರಲಿಲ್ಲ. ಅವಿಸ್ ನೀರು ಹಾಕಿ ಮಾತು ಹೇಳಿದಳು. ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಉಸಿರು ನಿಂತಿತು.

ಮೆರಿಯಲ್ ಗೋಡೆಯತ್ತ ಮುಖಮಾಡಿಯೇ ಕೇಳಿದಳು: "ಎಲ್ಲಾ ಮಾತೂ ಹೇಳ್ದೆಯಾ, ಅಕ್ಕಾ?"

"ಹೇಳ್ದೆ ಕಣೇ."

"ಒಂದೂ ಬಿಡ್ಲಿಲ್ವಾ?"

"ಒಂದೂ ಬಿಡ್ಲಿಲ್ಲ."

ಮೆರಿಯಲ್ ಕೈ ಚಾಚಿ ಅವಿಸ್‌ಳ ನಿಲುವಂಗಿಯ ಅಂಚು ಹಿಡಿದುಕೊಂಡಳು. ಅಂದು ತಾನು ಬೇಡಿಕೊಂಡರೂ ಸುಳ್ಳು ಹೇಳದವಳ ಮಾತು ಅದು. ಅವಳು ಅದನ್ನು ನಂಬಿದಳು, ನಂಬಿ ನಿದ್ದೆ ಹೋದಳು.

ಇದಾದ ಮೇಲಿನ ವಸಂತದಲ್ಲಿ ಬಿಷಪ್ಪರು ಆ ದಾರಿಯಲ್ಲಿ ಬಂದರು. ಕುದುರೆಯ ಮೇಲಿಂದಲೇ ಮಕ್ಕಳ ಹಣೆಗೆ ಎಣ್ಣೆ ಹಚ್ಚಿ ದೀಕ್ಷೆಯನ್ನು ದೃಢಪಡಿಸುತ್ತಿದ್ದರು. ದೀಕ್ಷೆಯ ಹೆಸರು ಬದಲಿಸುವ ಅಧಿಕಾರ ಬಿಷಪ್ಪರಿಗೆ ಮಾತ್ರ, ಅದೂ ಇದೇ ಹೊತ್ತಿನಲ್ಲಿ ಎಂದು ಪಾದ್ರಿ ಆಗ ತಿಳಿಸಿದರು. ಮೆರಿಯಲ್ ಮಗಳನ್ನು ಅವಿಸ್‌ಳ ಕೈಗೆ ಕೊಟ್ಟಳು. "ನೀನೇ ಎತ್ತಿ ಹಿಡಿ, ನೀನೇ ಹೆಸರು ಹೇಳು. ಈ ಸಲವಾದ್ರೂ ನೋಡ್ಕೊಂಡು ಹೇಳು, ಮಾರಾಯ್ತಿ!"

ಸುತ್ತ ನಿಂತವರೆಲ್ಲ ನಕ್ಕರು. ಅವಿಸ್‌ಳೂ ನಕ್ಕಳು. "ಸಿಸಿಲಿ" ಎಂದಳು.

ಎಣ್ಣೆ ಒರೆಸಿಹೋಗದಂತೆ ಹಣೆಗೆ ಕಟ್ಟಿದ ನಾರುಬಟ್ಟೆ ಕೆರೆಯುತ್ತದೆಂದು ಹುಡುಗಿ ದಾರಿಯುದ್ದಕ್ಕೂ ರಚ್ಚೆ ಹಿಡಿದಳು. ಕೆಸರಿನಲ್ಲಿ ನಡೆಯಲೊಲ್ಲೆನೆಂದು ಕೂತೇಬಿಟ್ಟಾಗ ಅವಿಸ್ ಅವಳನ್ನು ಬೆನ್ನಿಗೇರಿಸಿಕೊಂಡಳು. ಮೆರಿಯಲ್ ಪಕ್ಕದಲ್ಲೇ ನಡೆಯುತ್ತಾ, ಈ ವರ್ಷದ ಬಟಾಣಿ ಬಿತ್ತನೆಯ ಮಾತೆತ್ತಿದಳು.