ಕಾಕಾ ಮಾಡದ ಸಹಿ

ಎಲೆ ಅಡಿಕೆ ಹಾಕಿಕೊಂಡ ಮೇಲೆ ಕಾಕಾ ತಮ್ಮ ತೋರುಬೆರಳಿನ ಸುಣ್ಣವನ್ನು, ಯಾರ ಮನೆಯಲ್ಲಿ ಕುಳಿತಿರುತ್ತಿದ್ದರೋ ಆ ಮನೆಯ ಬಾಗಿಲ ಚೌಕಟ್ಟಿಗೆ ಒರೆಸುತ್ತಿದ್ದರು. ನಮ್ಮ ಓಣಿಯ ಪ್ರತಿ ಬಾಗಿಲಲ್ಲೂ ಒಣಗಿದ ಬಿಳಿ ಗೆರೆಗಳಿದ್ದವು. ಅವ್ವ ಹಬ್ಬಕ್ಕೊಮ್ಮೆ ಅವನ್ನು ಕೆರೆದು ತೆಗೆಯುತ್ತಿದ್ದಳು. ಒರೆಸಬೇಡಿರೆಂದು ಅವರಿಗೆ ಹೇಳಿದವರನ್ನು ನಾನು ಕಾಣಲಿಲ್ಲ.

ಅವರು ನಮ್ಮ ರಕ್ತಸಂಬಂಧಿಯಲ್ಲ, ಇಡೀ ಓಣಿಗೇ ಕಾಕಾ. ಗಟ್ಟಿಯಾಗಿ ಮಾತನಾಡಿದವರಲ್ಲ, ಯಾರನ್ನೂ ಬೈದವರಲ್ಲ. "ನಂದೇನಿಲ್ಲಪಾ, ಮಂದಿ ಅನ್ನಾಕತ್ತಾರ" ಎಂದೇ ಮಾತು ಆರಂಭಿಸುತ್ತಿದ್ದರು. ಮೇಲಿನ ಓಣಿಯವರು ಒಪ್ಪಿದ್ದಾರೆಂದು ಕೆಳಗಿನ ಓಣಿಯಲ್ಲಿ ಹೇಳುವರು. ಕೆಳಗಿನವರು ಒಪ್ಪಿದ್ದಾರೆಂದು ಮೇಲೆ ಹೇಳುವರು. ಸಂಜೆಯ ಹೊತ್ತಿಗೆ ಎರಡೂ ನಿಜವಾಗಿರುತ್ತಿದ್ದವು. ನನ್ನನ್ನು ಧಾರವಾಡದ ಕಾಲೇಜಿಗೆ ಕಳುಹಿಸಲು ಹಿಂಜರಿದ ಅಪ್ಪನನ್ನೂ ಅವರು ಹೀಗೆಯೇ ಒಪ್ಪಿಸಿದರು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಅದು ಅವರ ಉಪಕಾರ. ಹೀಗೆ ಬರೆಯಲು ಹೇಸಿಗೆಯಾಗುತ್ತದೆ, ಬರೆಯದಿದ್ದರೆ ತಪ್ಪಾಗುತ್ತದೆ.

ಪದವಿ ಮುಗಿಸಿ ಬಂದಾಗ, ನಳದ ನೀರಿಗಾಗಿ ನನ್ನಿಂದ ಪಂಚಾಯಿತಿಗೆ ಒಂದು ಅರ್ಜಿ ಬರೆಸಿದರು. "ಡಿಗ್ರಿ ಆದಾವ, ಮೊದಲ ನೀ ಸಹಿ ಮಾಡು" ಎಂದರು. ನಾನು ಹಿಗ್ಗಿದೆ. ಮುಂದಿನ ತಿಂಗಳು ಮತ್ತೊಂದು ಅರ್ಜಿಗಾಗಿ ಬಂದರು. ಶಾಲೆಯ ಬಿಸಿಯೂಟಕ್ಕೆ ದಲಿತ ಕೇರಿಯ ಹೆಣ್ಣುಮಗಳೊಬ್ಬಳು ಅಡುಗೆಯವಳಾಗಿ ನೇಮಕಗೊಂಡಿದ್ದಳು, ಆಕೆಯನ್ನು ತೆಗೆಸಬೇಕಿತ್ತು. ಆಕೆಯ ಗಂಡ ಹಾಸಿಗೆ ಹಿಡಿದಿದ್ದ, ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಅದು ನನಗೆ ತಿಳಿದಿತ್ತು.

"ಕಾರಣ ಏನಂತ ಬರೀಲಿ, ಕಾಕಾ?"

"ಅದನ್ನ ನಾ ಹೆಂಗ ಹೇಳಲಿ ತಮ್ಮಾ? ಕಲತಾವ ನೀನು. ಮಂದಿಗೆ ಮನಸಿಲ್ಲ, ಅಷ್ಟ."

ಮನಸ್ಸಿಲ್ಲವೆಂದು ಅರ್ಜಿಯಲ್ಲಿ ಬರೆಯಲಾಗದು. ಜಾತಿಯೇ ಕಾರಣವೆಂದು ಬರೆದರೆ ಅಪರಾಧ. ಆದ್ದರಿಂದ 'ಅಡುಗೆಯಲ್ಲಿ ಶುಚಿತ್ವ ಇಲ್ಲದಿರುವ ಕಾರಣ' ಎಂದು ದುಂಡು ಅಕ್ಷರಗಳಲ್ಲಿ ಬರೆದು, ಕೆಳಗೆ ಮೊದಲ ಸಹಿ ನಾನೇ ಮಾಡಿದೆ. ಬಿಸಿಯೂಟದ ಕೋಣೆಗೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಆದರೆ ಅದೇ ವಾರದಿಂದ ಆಕೆಯ ಸೆರಗು ನನಗೆ ಕೊಳಕಾಗಿ ಕಾಣತೊಡಗಿತು. ಆಕೆಯನ್ನು ತೆಗೆದ ಮೇಲೆ, ಯಾರೂ ಕೇಳದಿದ್ದರೂ, "ಸಾರಿನ್ಯಾಗ ಹುಳ ಇದ್ದುವಂತ" ಎಂದು ಗೆಳೆಯರಿಗೆ ಹೇಳಿದೆ. ಹುಳವನ್ನು ಯಾರೂ ಕಂಡಿರಲಿಲ್ಲ. ಹೇಳುತ್ತ ಹೇಳುತ್ತ ನಾನು ಕಂಡೆ.

ಕಳೆದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ "ಯಾರಿಗೂ ಒತ್ತಾಯ ಮಾಡಿದ ಮನಷ್ಯಾ ಅಲ್ಲ ಬಿಡ್ರಿ" ಎಂದರು. ಅದು ಸುಳ್ಳಲ್ಲ.

ಮರುವಾರ ಗುಡಗೇರಿ ಸಂತೆಯಲ್ಲಿ ಆ ಅಡುಗೆಯ ಹೆಣ್ಣುಮಗಳನ್ನು ಹುಡುಕಿಕೊಂಡು ಹೋದೆ. ಗೋಣಿತಟ್ಟಿನ ಮೇಲೆ ಮೆಂತ್ಯದ ಸೊಪ್ಪು ಹರಡಿಕೊಂಡು ಕುಳಿತಿದ್ದಳು.

"ಅಕ್ಕಾ, ಕಾಕಾನ ಮಾತು ಮೀರಾಕ ಆಗಲಿಲ್ರಿ. ಊರೆಲ್ಲಾ ಸಹಿ ಮಾಡಿತ್ತು" ಎಂದೆ.

ಆಕೆ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. "ಆ ಕಾಗದ ಸಾಲ್ಯಾಗ ನನಗೂ ಒಂದ ಕೊಟ್ಟಿದ್ರು. ಮಗಳ ಕಡೆ ಓದಿಸೀನಿ. ನಿಮ್ಮ ಕಾಕಾನ ಸಹಿ ಅದರಾಗ ಇರಲಿಲ್ಲ. ಶುಚಿ ಇಲ್ಲಂತ ಬರದಿದ್ರಿ. ಯಾವಾಗ ಬಂದು ನೋಡಿದ್ರಿ?"

ನಾನು ಮತ್ತೆ ಕಾಕಾನ ಹೆಸರನ್ನೇ ಎತ್ತಿದೆ.

"ಬಾಜು ಸರೀರಿ," ಎಂದಳು, "ಗಿರಾಕಿ ನಿಂತಾರ."