ಎಡಗಡೆಯ ಸ್ಪೀಕರ್

ಕಪ್ಪೆಗೆ ಹೊರಗಿವಿ ಇಲ್ಲ. ಕಣ್ಣಿನ ಹಿಂದೆ ದುಂಡನೆಯ ಪೊರೆಯೊಂದಿರುತ್ತದೆ, ಅಷ್ಟೇ. ಕೊಳದ ತುಂಬ ನಾನಾ ಜಾತಿಯ ಗಂಡುಗಳು ಒಟ್ಟಿಗೆ ಅರಚುತ್ತಿದ್ದರೂ ಹೆಣ್ಣಿನ ಒಳಗಿವಿ ತನ್ನ ಜಾತಿಯ ಕೂಗನ್ನೇ ಹೆಕ್ಕಿಕೊಳ್ಳುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ವರ್ಷದ ಓದು ಬೇಕಾಯಿತು. ಗಚ್ಚಿಬೌಲಿಯ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಗೆ ಕೊಳದ ದಂಡೆಯಲ್ಲಿ ಹತ್ತು ನಿಮಿಷ ಸಾಕಾಯಿತು.

ಅವಳಪ್ಪ ರಾಯಚೂರು ಕಡೆಯ ಗೌಂಡಿ, ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ಕಟ್ಟಲು ಬಂದವನು. ಅವಳು ಬೆಳೆದದ್ದು ತಗಡಿನ ಶೆಡ್ಡಿನಲ್ಲಿ. ನಾನು ಮಲ್ಕಾಜ್‌ಗಿರಿಯ ಕನ್ನಡಿಗ ರೈಲ್ವೆ ನೌಕರರ ಮಗಳು, ಎಂ.ಎಸ್ಸಿ.ಯಲ್ಲಿ ಮೊದಲಿಗಳು. ಅವಳು ಕಣ್ಣು ಮುಚ್ಚಿ, "ಅಲ್ಲಿ ಐದು ಕೂಗಾಕತ್ತಾವ, ಈ ಕಡಿ ಎರಡ" ಅನ್ನುವಳು. ರೆಕಾರ್ಡಿಂಗ್ ನೋಡಿದರೆ ಲೆಕ್ಕ ಸರಿಯೇ ಇರುತ್ತಿತ್ತು. ನನ್ನನ್ನು ಒಮ್ಮೆಯೂ ಹೊಗಳದ ಗೈಡ್, ಅವಳನ್ನು ನೋಡಿ ಕಲಿ ಎಂದರು. ನನ್ನ ಹೊಟ್ಟೆ ಧಗಧಗ ಉರಿಯಿತು.

ಆ ಮಳೆಗಾಲ ಅವಳದೇ ಪ್ರಯೋಗ. ಕತ್ತಲೆ ಕೋಣೆಯ ಎರಡು ಬದಿಗೆ ಎರಡು ಸ್ಪೀಕರ್, ಒಂದರಲ್ಲಿ ವೇಗದ ಕೂಗು, ಇನ್ನೊಂದರಲ್ಲಿ ನಿಧಾನದ್ದು. ನಡುವೆ ಬಿಟ್ಟ ಹೆಣ್ಣುಕಪ್ಪೆ ಯಾವ ಕಡೆ ಕುಪ್ಪಳಿಸುತ್ತದೆಂದು ನೋಡಬೇಕು. ಎರಡರ ಸದ್ದೂ ಸಮವಾಗಿರಬೇಕು, ಇಲ್ಲವಾದರೆ ಕಪ್ಪೆ ಜೋರಾದ ಕಡೆಗೇ ಹೋಗುತ್ತದೆ. ಸದ್ದು ಅಳೆಯುವ ಮೀಟರ್ ಪ್ರಯೋಗದ ದಿನವೇ ಕೆಟ್ಟು ಕೂತಿತ್ತು. ಹಿಡಿದ ಹೆಣ್ಣುಗಳು ಮರುದಿನಕ್ಕೆ ಮೊಟ್ಟೆ ಇಟ್ಟುಬಿಟ್ಟರೆ ಮತ್ತೆ ಕೂಗಿಗೆ ಓಗೊಡುವುದಿಲ್ಲ, ಹಾಗಾಗಿ ಕಾಯುವಂತಿರಲಿಲ್ಲ. ಅವಳು ಹೊರಗೆ ಸದ್ದು ಏರಿಳಿಸುವ ಯಂತ್ರದ ಹತ್ತಿರ ಕೂತು ನನ್ನನ್ನು ಕೋಣೆಯ ನಡುವೆ ನಿಲ್ಲಿಸಿದಳು.

"ಅಕ್ಕಾರ, ಎರಡೂ ಕಡಿ ಒಂದ ಸಮ ಕೇಳ್ತೈತೇನ್ರಿ?"

ಎಡಗಡೆಯದು ಜೋರಾಗಿತ್ತು. ಸ್ಪಷ್ಟವಾಗಿಯೇ ಕೇಳಿಸಿತು.

"ಹೂಂ, ಸರಿ ಐತಿ, ಶುರು ಮಾಡು" ಎಂದೆ.

ಹನ್ನೊಂದು ಕಪ್ಪೆ ಬಿಟ್ಟಳು, ಹನ್ನೊಂದೂ ಎಡಕ್ಕೆ ಹೋದವು. ಕೂಗುಗಳನ್ನು ಅದಲುಬದಲು ಮಾಡಿದರೂ ಎಡಕ್ಕೇ ಹೋದವು, ಅವಕ್ಕೆ ಯಾವ ಕೂಗು ಇಷ್ಟವೆಂದು ಗೊತ್ತಾಗಲೇ ಇಲ್ಲ. ಒಳಗೊಳಗೇ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಒಂದು ವಾರ ಪೇಚಾಡಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದೆ. ಆ ವಾರದಲ್ಲೇ ಮಳೆ ನಿಂತಿತು, ಕಪ್ಪೆಗಳ ಕೂಗೂ ನಿಂತಿತು. ದೀಪಾವಳಿಯ ಹೊತ್ತಿಗೆ ಯಾವುದೋ ಕ್ಯಾಂಪಸ್ಸಿಗಾಗಿ ಲಾರಿಗಟ್ಟಲೆ ಮಣ್ಣು ಸುರಿದು ಕೊಳವನ್ನೇ ಮುಚ್ಚಿದರು. ಆ ಜಾತಿಯ ಕಪ್ಪೆ ನಮಗೆ ಬೇರೆಲ್ಲೂ ಸಿಗಲಿಲ್ಲ. ಅವಳ ಫೆಲೋಶಿಪ್ಪು ಆ ಫಲಿತಾಂಶದ ಮೇಲೇ ನಿಂತಿತ್ತು.

ಗೈಡ್ ಇಬ್ಬರನ್ನೂ ಕರೆದು, ಅಂದು ಸದ್ದು ಪರೀಕ್ಷಿಸಿದ್ದಿರಾ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವಳು ತನ್ನ ಹರಕು ತೆಲುಗಿನಲ್ಲಿ, ಅಕ್ಕನೇ ನಿಂತು ಕೇಳಿದ್ದಾರೆ ಸರ್, ಸದ್ದಿನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದೇ ಇರಬೇಕು ಎಂದಳು. ಮುಂದಿನ ತಿಂಗಳೇ ಕಾಲ್ ಸೆಂಟರ್ ಸೇರಿದಳು.

ಅಂದು ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗಲಿಲ್ಲವೆಂದಲ್ಲ, ಆಯಿತು. ಆದರೆ ಅದಕ್ಕಿಂತ ಮೊದಲು, ಇನ್ನೊಬ್ಬರನ್ನು ಅಷ್ಟು ಸಲೀಸಾಗಿ ನಂಬಬಲ್ಲ ಅವಳ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು.